ಬಣ್ಣ ಬಳಿದ ವೀರಗಲ್ಲು

ಎರಡನೆಯ ಮಹಾಯುದ್ಧದ ಕಾಲದ ಸೈನಿಕ ಮೋಟಾರು ಸೈಕಲ್ಲುಗಳನ್ನು ಕೂಡಿಡುವ ಹವ್ಯಾಸಿಗಳಲ್ಲಿ, ಅವರು ಬೆಂಗಳೂರಿನವರಾಗಲಿ ಬರ್ಮಿಂಗ್‌ಹ್ಯಾಮಿನವರಾಗಲಿ, ಒಂದು ಅಭಿಪ್ರಾಯ ಎಷ್ಟು ಆಳವಾಗಿ ಬೇರೂರಿದೆಯೆಂದರೆ ಅದನ್ನು ಅಭಿಪ್ರಾಯವೆಂದು ಕರೆಯುವುದಕ್ಕೂ ಅವರು ಒಪ್ಪಲಾರರು. ಅವರ ಪಾಲಿಗೆ ಅದು ಸ್ವತಃಸಿದ್ಧವಾದ ಸತ್ಯ. ಹಳೆಯ ಯಂತ್ರವೊಂದು ಕೈಗೆ ಸಿಕ್ಕಿತೆಂದರೆ ಅದನ್ನು ಕೊನೆಯ ಬೋಲ್ಟಿನವರೆಗೂ ಬಿಚ್ಚಿ, ಮೈಮೇಲಿನ ಬಣ್ಣವನ್ನೆಲ್ಲ ಮರಳು ಹೊಡೆಸಿ ತೆಗೆದು, ತಗ್ಗು ಬಿದ್ದಲ್ಲಿ ತಟ್ಟಿ ಸಮಮಾಡಿ, ಹೊಸ ಹಸಿರು ಬಣ್ಣವನ್ನು ಮುಖ ಕಾಣುವಷ್ಟು ಹೊಳಪಿನಿಂದ ಹಚ್ಚಿಸಿ, ಟ್ಯಾಂಕಿನ ಮೇಲೆ ಹೆಸರಾಂತ ಸೇನಾವಿಭಾಗವೊಂದರ ಲಾಂಛನವನ್ನು ಬರೆಯಿಸಿ, ಕಾರ್ಖಾನೆಯ ಬಾಗಿಲನ್ನು ಈಗತಾನೇ ದಾಟಿ ಬಂದಿತೋ ಎಂಬಂತೆ ಪ್ರದರ್ಶನದಲ್ಲಿ ನಿಲ್ಲಿಸುವುದೇ ಅದರ ಉದ್ಧಾರವೆಂಬುದು ಆ ಮತ. ಹಾಗೆ ಮಾಡದೆ ಹಳೆಯ ಮೈಯಲ್ಲಿಯೇ ಗಾಡಿಯನ್ನು ಇಟ್ಟುಕೊಂಡವನು ಉದಾಸೀನನೆಂದೋ ಕೈಯಲ್ಲಿ ಹಣವಿಲ್ಲದವನೆಂದೋ ಎಣಿಕೆ. ಇದು ಬರಿಯ ಅಭಿರುಚಿಯ ದೋಷವಾಗಿದ್ದಲ್ಲಿ ನಾನು ಲೇಖನಿಯನ್ನು ಹಿಡಿಯುತ್ತಿರಲಿಲ್ಲ. ಅವರವರ ಮನೆಯ ಗೋಡೆಗೆ ಅವರವರಿಗೆ ಬೇಕಾದ ಬಣ್ಣ. ಆದರೆ ಇದು ಚರಿತ್ರೆಯ ಸಾಕ್ಷ್ಯವನ್ನು ಪ್ರೀತಿಯ ಹೆಸರಿನಲ್ಲಿ ಅಳಿಸಿಹಾಕುವ ಕಾರ್ಯವೆಂದೂ, ಒಮ್ಮೆ ಅಳಿದ ಮೇಲೆ ಅದನ್ನು ಯಾವ ಹಣದಿಂದಲೂ ಯಾವ ಕುಶಲತೆಯಿಂದಲೂ ಮರಳಿ ತರಲಾಗದೆಂದೂ ನಾನು ಖಂಡಿತವಾಗಿ ನಂಬಿರುವುದರಿಂದ, ಈ ಮತವನ್ನು ನನ್ನಿಂದಾದಷ್ಟು ಬಲವಾಗಿ ವಿರೋಧಿಸುವುದು ಕರ್ತವ್ಯವೆಂದು ತಿಳಿದಿದ್ದೇನೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ದಂಡುಪ್ರದೇಶದ ಹಳೆಯ ಗ್ಯಾರೇಜೊಂದರಲ್ಲಿ ನಾನು ಕಂಡ ಒಂದು ಪೆಟ್ರೋಲ್ ಟ್ಯಾಂಕಿನ ಸಂಗತಿಯನ್ನು ಮೊದಲು ಹೇಳಬೇಕು. ಅದು ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪನಿಯ ಎಂ-20 ಮಾದರಿಯ ಗಾಡಿಯ ಟ್ಯಾಂಕು. ಗಾಡಿಯ ಉಳಿದ ಭಾಗ ಗೋಡೆಗೆ ಒರಗಿ ನಿಂತಿತ್ತು. ಟ್ಯಾಂಕಿನ ಮೇಲೆ ಕಪ್ಪು ಬಣ್ಣ, ಅದರ ಅಂಚಿಗೆ ಯಾರೋ ಕೈಯಿಂದಲೇ ಎಳೆದ ಹಳದಿ ಗೆರೆ. ಅರುವತ್ತು ದಾಟಿದ ಮೇಸ್ತ್ರಿಯವರು ಥಿನ್ನರಿನಲ್ಲಿ ಅದ್ದಿದ ಬಟ್ಟೆಯ ತುದಿಯಿಂದ ಅಂಗೈಯಗಲದ ಜಾಗವನ್ನು ಮೆಲ್ಲಮೆಲ್ಲನೆ ಒರಸುತ್ತ ಹೋದಂತೆ, ಕಪ್ಪಿನ ಕೆಳಗೆ ಕೆಂಪು, ಕೆಂಪಿನ ಕೆಳಗೆ ಬೂದಿಬಣ್ಣದ ಪ್ರೈಮರು, ಅದರ ಕೆಳಗೆ ಹಳೆಯ ಹುಣಿಸೆಹಣ್ಣಿನಂಥ ಮಂಕಾದ ಕಂದುಬಣ್ಣ ಒಂದೊಂದಾಗಿ ಹೊರಬಿದ್ದುವು. "ಇದು ಮಿಲಿಟ್ರಿ ಬಣ್ಣ ಸಾರ್, ಆಗಿನದ್ದೇ" ಎಂದು ಅವರು ಬೆರಳಿಟ್ಟು ತೋರಿಸಿದರು. ಆ ಕಂದಿನ ಮೇಲೆ ಬಿಳಿಯ 'ಸಿ' ಅಕ್ಷರವೂ ಅದರ ಪಕ್ಕದಲ್ಲಿ ಎರಡು ಅಂಕೆಗಳ ಮೇಲರ್ಧವೂ ಕಾಣುತ್ತಿದ್ದುವು. ಬ್ರಿಟಿಷ್ ಸೈನ್ಯವು ತನ್ನ ಮೋಟಾರು ಸೈಕಲ್ಲುಗಳಿಗೆ ಕೊಡುತ್ತಿದ್ದ ಗಣತಿಯ ಸಂಖ್ಯೆಗಳು 'ಸಿ' ಅಕ್ಷರದಿಂದಲೇ ಮೊದಲಾಗುವುವು. ಅಂದರೆ ಆ ಟ್ಯಾಂಕು ತನ್ನ ಹೆಸರನ್ನು ತಾನೇ ಹೇಳಲು ಬಾಯಿ ತೆರೆದಿತ್ತು. ಇನ್ನು ಒರಸುವುದು ಬೇಡ, ಉಳಿದುದನ್ನು ತಿಳಿದವರಿಂದ ತೆಗೆಯಿಸೋಣ ಎಂದು ಮೇಸ್ತ್ರಿಯವರಲ್ಲಿ ಬೇಡಿಕೊಂಡು, ಮಾಲೀಕರಿಗೂ ಹೇಳಿಕಳುಹಿಸಿ ಬಂದೆ. ಎರಡು ತಿಂಗಳ ಮೇಲೆ ಹೋದಾಗ ಟ್ಯಾಂಕು ಹಸಿರಾಗಿ ಹೊಳೆಯುತ್ತಿತ್ತು. ಅದರ ಪಕ್ಕೆಯ ಮೇಲೆ ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಕಾದಾಡಿದ 7ನೆಯ ಆರ್ಮರ್ಡ್ ಡಿವಿಜನ್ನಿನ ಲಾಂಛನವಾದ ಕೆಂಪು ಮರಳಿಲಿ ಕುಳಿತಿತ್ತು. "ಓನರು ಹೀಗೇ ಬೇಕು ಅಂದ್ರು ಸಾರ್, ನಾವೇನು ಮಾಡೋದು" ಎಂದು ಮೇಸ್ತ್ರಿಯವರು ತಲೆ ತಗ್ಗಿಸಿದರು. ಸಂಖ್ಯೆ ಏನಾಯಿತೆಂದು ನಾನು ಕೇಳಲಿಲ್ಲ. ಅದು ಮರಳಿನೊಡನೆ ನೆಲಕ್ಕುದುರಿ, ಕಸದೊಡನೆ ಗುಡಿಸಿಹೋಗಿತ್ತು.

ಆ ಕಂದುಬಣ್ಣ ಏನನ್ನು ಹೇಳುತ್ತಿತ್ತೆಂಬುದನ್ನು ಸ್ವಲ್ಪ ವಿಚಾರಿಸೋಣ. ಯುದ್ಧದ ಮೊದಲ ವರ್ಷಗಳಲ್ಲಿ ಬ್ರಿಟಿಷ್ ಸೈನ್ಯದ ವಾಹನಗಳಿಗೆ ಹಸಿರು ಬೆರೆತ ಖಾಕಿಯನ್ನು ಹಚ್ಚುತ್ತಿದ್ದರು. ಹಸಿರಿಗೆ ಬೇಕಾದ ಕ್ರೋಮಿಯಂ ಆಕ್ಸೈಡು ದುರ್ಲಭವಾಗಿ, ಇದ್ದುದನ್ನು ಹೆಚ್ಚು ಅಗತ್ಯವಾದ ಕೆಲಸಗಳಿಗೆ ಮೀಸಲಿಡಬೇಕಾಗಿ ಬಂದಾಗ, ಸುಮಾರು 1942ರ ಹೊತ್ತಿಗೆ ಸೈನ್ಯವು ಎಸ್.ಸಿ.ಸಿ. 2 ಎಂಬ ಹೆಸರಿನ ಕಂದುಬಣ್ಣಕ್ಕೆ ತಿರುಗಿತು. 1944ರಲ್ಲಿ ಅಮೆರಿಕದಿಂದ ಬರುತ್ತಿದ್ದ ವಾಹನಗಳಿಗೆ ಹೊಂದುವಂಥ ಆಲಿವ್ ಬಣ್ಣಕ್ಕೆ ಮತ್ತೊಮ್ಮೆ ಬದಲಾಯಿಸಿತು. ಆದುದರಿಂದ ಆ ಕಂದು ಬರಿಯ ಬಣ್ಣವಲ್ಲ. ಒಂದು ಸಾಮ್ರಾಜ್ಯದ ಉಗ್ರಾಣದಲ್ಲಿ ಏನು ಬರಿದಾಗಿತ್ತೆಂಬುದರ ಲೆಕ್ಕಪತ್ರ, ಮತ್ತು ಆ ಯಂತ್ರ ಹುಟ್ಟಿದ ವರ್ಷವನ್ನು ತೋರಿಸುವ ಜಾತಕ. ಹಸಿರು ಚೆನ್ನಾಗಿ ಕಾಣುತ್ತದೆಂದು ಅದನ್ನು ಕಿತ್ತುಹಾಕಿದವನು ಜಾತಕವನ್ನು ಹರಿದು ಒಲೆಗೆ ಹಾಕಿದಂತೆಯೇ ಸರಿ.

ಅದೇ ಗಾಡಿಯ ಕಾಲ್ದಾನಿಗಳು ಬರಿಯ ಕಬ್ಬಿಣದವಾಗಿದ್ದುವು. ರಬ್ಬರು ಕಳೆದುಹೋಗಿದೆಯೆಂದು ಭಾವಿಸಿ ಮಾಲೀಕರು ಹೊಸ ರಬ್ಬರನ್ನು ತರಿಸಿ ಹಾಕಿಸಿದ್ದರು. ಆದರೆ ಅಲ್ಲಿ ರಬ್ಬರು ಕಳೆದುಹೋಗಿರಲಿಲ್ಲ, ಇರಲೇ ಇಲ್ಲ. ಮಲಯ ದೇಶವು ಜಪಾನೀಯರ ವಶವಾಗಿ, 1942ರ ಫೆಬ್ರವರಿ 15ರಂದು ಸಿಂಗಪುರವು ಶರಣಾದ ಮೇಲೆ, ಬ್ರಿಟನ್ನಿಗೆ ರಬ್ಬರು ಬರುವ ಮುಖ್ಯ ದಾರಿಯೇ ಮುಚ್ಚಿಹೋಯಿತಷ್ಟೆ. ಇದ್ದ ರಬ್ಬರು ಟಯರಿಗೇ ಸಾಲದಿರುವಾಗ ಸವಾರನ ಅಂಗೈಗೂ ಅಂಗಾಲಿಗೂ ಅದನ್ನು ಕೊಡುವುದು ಹೇಗೆ? ಹಿಡಿಕೆಗಳಿಗೆ ಕ್ಯಾನ್ವಾಸ್ ಬಟ್ಟೆಯನ್ನು ಸುತ್ತಿ, ಕಾಲ್ದಾನಿಗಳನ್ನು ಬರಿಯ ಲೋಹದಲ್ಲಿ ಬಿಟ್ಟು ಗಾಡಿಗಳನ್ನು ಸೈನ್ಯಕ್ಕೆ ಕಳುಹಿಸಿದರು. ಸಿಂಗಪುರದ ಪತನವನ್ನು ನಮ್ಮ ಮಕ್ಕಳು ಶಾಲೆಯ ಪುಸ್ತಕದಲ್ಲಿ ಒಂದು ವಾಕ್ಯವಾಗಿ ಓದುತ್ತಾರೆ. ಅದೇ ಪತನವು ಬರ್ಮಿಂಗ್‌ಹ್ಯಾಮಿನ ಒಂದು ಕಾಲ್ದಾನಿಯಲ್ಲಿ ಮೂಡಿ, ಸಮುದ್ರ ದಾಟಿ ಬೆಂಗಳೂರಿಗೆ ಬಂದು, ಎಂಬತ್ತು ವರ್ಷ ಯಾರೂ ಓದದ ಶಾಸನದಂತೆ ಉಳಿದುಕೊಂಡಿತ್ತು. ಅದನ್ನು ನಾವು ಅಂಗಡಿಯ ರಬ್ಬರಿನಿಂದ ಮುಚ್ಚಿದೆವು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮುಂದೀಪದ ವಿಷಯವೂ ಹೀಗೆಯೇ. ಯುದ್ಧಕಾಲದ ಗಾಡಿಗಳ ದೀಪಕ್ಕೆ ತಗಡಿನ ಮುಚ್ಚಳವಿದ್ದು, ಅದರಲ್ಲಿ ಕೊರೆದ ಸಣ್ಣ ಸೀಳಿನಿಂದ ಮಾತ್ರ ಬೆಳಕು ನೆಲಕ್ಕೆ ಬೀಳುತ್ತಿತ್ತು. ಶತ್ರುವಿನ ವಿಮಾನಕ್ಕೆ ಕಾಣದಿರಲೆಂದು ಇಡೀ ಬ್ರಿಟನ್ ದೀಪವಾರಿಸಿ ಕುಳಿತಿದ್ದ ಕಾಲವದು. ಆ ಕತ್ತಲೆಯಲ್ಲಿ, ಆ ಎಳೆಬೆಳಕನ್ನು ನಂಬಿಕೊಂಡು, ಡಿಸ್ಪ್ಯಾಚ್ ರೈಡರುಗಳೆಂಬ ಓಲೆಕಾರರು ರಾತ್ರಿಯೆಲ್ಲ ಸಂದೇಶಗಳನ್ನು ಹೊತ್ತು ಓಡಬೇಕಾಗಿತ್ತು. ಬ್ಲೆಚ್ಲೀ ಪಾರ್ಕಿನ ಗೂಢಲಿಪಿ ತಜ್ಞರ ಮೇಜಿಗೆ ಶತ್ರುವಿನ ರೇಡಿಯೋ ಸಂದೇಶಗಳು ಬಂದು ಬೀಳುತ್ತಿದ್ದುದರಲ್ಲಿಯೂ ಇವರ ಚಕ್ರಗಳ ಪಾಲು ದೊಡ್ಡದು. ಎಷ್ಟೋ ಮಂದಿ ಶತ್ರುವಿನ ಮುಖವನ್ನೇ ನೋಡದೆ, ತಮ್ಮದೇ ಊರಿನ ರಸ್ತೆಯ ತಿರುವಿನಲ್ಲಿ ತಲೆಯೊಡೆದು ಸತ್ತರು. 1935ರಲ್ಲಿ ‘ಅರೇಬಿಯದ ಲಾರೆನ್ಸ್’ ಎಂದು ಹೆಸರಾದ ಟಿ. ಇ. ಲಾರೆನ್ಸನು ಮೋಟಾರು ಸೈಕಲ್ಲಿನಿಂದ ಬಿದ್ದು ಮರಣಶಯ್ಯೆಯಲ್ಲಿದ್ದಾಗ ಅವನನ್ನು ನೋಡಿದ ವೈದ್ಯರಲ್ಲೊಬ್ಬರಾದ ಹ್ಯೂ ಕೇರ್ನ್ಸರು ಈ ಸಾವುಗಳನ್ನು ಅಭ್ಯಾಸಮಾಡಿ, ಶಿರಸ್ತ್ರಾಣದ ಅಗತ್ಯವನ್ನು ಕುರಿತು 1941ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಆ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯವು ತನ್ನ ಸವಾರರಿಗೆಲ್ಲ ಅದನ್ನು ಕಡ್ಡಾಯಮಾಡಿತು. ಇಂದು ನಮ್ಮ ರಸ್ತೆಗಳಲ್ಲಿ ಪೊಲೀಸರು ಹೆಲ್ಮೆಟ್ಟಿಗಾಗಿ ತಡೆದು ನಿಲ್ಲಿಸುವ ಪದ್ಧತಿಯ ಒಂದು ಬೇರು ಆ ತಗಡಿನ ಸೀಳಿನಲ್ಲಿದೆ. ಮುಚ್ಚಳವನ್ನು ಕಿತ್ತೆಸೆದು, ಮಿರಿಮಿರಿ ಮಿನುಗುವ ಕ್ರೋಮಿಯಂ ಬಳೆಯ ದೀಪವನ್ನು ಕೂಡಿಸಿ ಅದನ್ನು ಯುದ್ಧದ ಗಾಡಿಯೆಂದು ತೋರಿಸಿದರೆ, ನೋಡಿದ ಹುಡುಗನಿಗೆ ಆ ಕತ್ತಲೆ ಹೇಗೆ ಅರ್ಥವಾದೀತು?

ಹೊಸದರಂತೆ ಮಾಡುತ್ತೇವೆಂದು ಹೇಳುವವರು ಹೊಸದರಂತೆಯಾದರೂ ಮಾಡುತ್ತಾರೆಯೇ? ಅದೂ ಇಲ್ಲ. ಎಂ-20 ಎಂಬುದು 496 ಸಿ.ಸಿ.ಯ, ಹದಿಮೂರು ಅಶ್ವಶಕ್ತಿಯ, ಸೈಡ್ ವಾಲ್ವಿನ ಒರಟು ಯಂತ್ರ. ಯುದ್ಧಕಾಲದಲ್ಲಿ ಅಂಥವು 1,26,000ದಷ್ಟು ತಯಾರಾದುವು. ಅವುಗಳನ್ನು ಕಟ್ಟಿದ ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್ ಕಾರ್ಖಾನೆಯ ಮೇಲೆ 1940ರ ನವೆಂಬರ್ 19ರ ರಾತ್ರಿ ಬಾಂಬು ಬಿದ್ದು 53 ಮಂದಿ ಕೆಲಸಗಾರರು ಮಡಿದರು. ಉಳಿದವರು ಮತ್ತೆ ಕೆಲಸಕ್ಕೆ ನಿಂತರು. ಅಂಥ ಆತುರದಲ್ಲಿ, ಅಂಥ ಭಯದ ನಡುವೆ ಎರಕಹೊಯ್ದ ಭಾಗಗಳಲ್ಲಿ ಅಚ್ಚಿನ ಏಣುಗಳು ಹಾಗೆಯೇ ಉಳಿದಿರುತ್ತವೆ, ಅರದ ಗೀರುಗಳು ಕಾಣುತ್ತವೆ. ಬಣ್ಣವೂ ಹೊಳಪಿಲ್ಲದ ಮಂಕುಬಣ್ಣ. ಈಗಿನ ಸಂಗ್ರಾಹಕನು ಆ ಏಣುಗಳನ್ನು ಅರದಿಂದ ಉಜ್ಜಿ, ಬಫ್ ಮಾಡಿಸಿ, ಗಾಜಿನಂತೆ ನುಣುಪಾಗಿಸಿ, ಕಾರ್ಖಾನೆ ಎಂದೂ ಹೊರತರದಿದ್ದ ಒಂದು ಯಂತ್ರವನ್ನು ತಯಾರಿಸುತ್ತಾನೆ. ಅದು 1942ರ ಗಾಡಿಯಲ್ಲ. ಇಂದಿನ ಹಣವು 1942ನ್ನು ಕುರಿತು ಕಟ್ಟಿದ ಕನಸು.

ನಮ್ಮಲ್ಲಿ ಈ ಕೆಲಸಕ್ಕೆ ಜೀರ್ಣೋದ್ಧಾರವೆಂಬ ಗೌರವದ ಮಾತನ್ನು ಬಳಸುವುದುಂಟು. ಮಾತನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ಜೀರ್ಣವಾದುದನ್ನು ಉದ್ಧರಿಸುವುದು ಜೀರ್ಣೋದ್ಧಾರ. ಜೀರ್ಣತೆಯನ್ನೇ ಸುಲಿದು ಬಿಸಾಡುವುದಲ್ಲ. ಹಳ್ಳಿಯ ಹೊರಗೆ, ಕೆರೆಯ ಏರಿಯ ಮೇಲೆ ನಿಂತ ವೀರಗಲ್ಲಿಗೆ ಭಕ್ತಿಯಿಂದಲೇ ಎನಾಮೆಲ್ ಬಣ್ಣ ಬಳಿದು, ವೀರನಿಗೆ ಕರಿಯ ಮೀಸೆಯನ್ನೂ ಕುದುರೆಗೆ ಬಿಳಿಯ ಮೈಯನ್ನೂ ಬರೆದು, ಕೆಳಗಿನ ಪಟ್ಟಿಕೆಯ ಅಕ್ಷರಗಳನ್ನು ಬಣ್ಣದಲ್ಲಿ ಹೂತುಬಿಟ್ಟಿರುವುದನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ. ಶಾಸನಗಳನ್ನು ಓದುವವರು ಅದನ್ನು ಕಂಡು ಮರುಗುತ್ತಾರೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಹತ್ತನೆಯ ಶತಮಾನದ ಆತಕೂರಿನ ಕಲ್ಲಿದೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಯ ನೆನಪಿಗೆ ನಿಲ್ಲಿಸಿದ್ದು. ಅದರ ಅಕ್ಷರಗಳು ಸವೆದಿವೆಯೆಂದು ಯಾರಾದರೂ ಉಳಿಯನ್ನು ತಂದು ಹೊಸದಾಗಿ ಕೆತ್ತಲು ಹೊರಟರೆ ನಾವು ಅವನ ಕೈಯನ್ನು ಹಿಡಿಯುವುದಿಲ್ಲವೆ? ಕಲ್ಲಿನ ವಿಷಯದಲ್ಲಿ ನಮಗೆ ಇರುವ ವಿವೇಕವು ಕಬ್ಬಿಣದ ವಿಷಯದಲ್ಲಿ ಏಕೆ ಇಲ್ಲವಾಯಿತು? ಯುದ್ಧದಿಂದ ಮರಳಿ ಬಂದ ಮೋಟಾರು ಸೈಕಲ್ಲೂ ಒಂದು ವೀರಗಲ್ಲೇ. ಅದರ ತಗ್ಗುಗಳೂ ಗೀರುಗಳೂ ಅದರ ಲಿಪಿ.

ಇನ್ನು 'ಅಪರೂಪ' ಎಂಬ ಮಾತು. ಈ ಹವ್ಯಾಸದಲ್ಲಿ ಬೆಲೆಯನ್ನು ಕಟ್ಟುವುದು ಮುಖ್ಯವಾಗಿ ಈ ಮಾತಿನಿಂದಲೇ. ಎಷ್ಟು ಕಡಿಮೆ ತಯಾರಾಗಿತ್ತೋ ಅಷ್ಟು ಶ್ರೇಷ್ಠ. ಹಾರ್ಲೆ-ಡೇವಿಡ್ಸನ್ ಕಂಪನಿಯು ಜರ್ಮನಿಯ ಬಿ.ಎಂ.ಡಬ್ಲ್ಯು. ಯಂತ್ರವನ್ನು ಅನುಸರಿಸಿ ಮಾಡಿದ ಎಕ್ಸ್.ಎ. ಮಾದರಿಯೂ, ಇಂಡಿಯನ್ ಕಂಪನಿಯ 841 ಎಂಬ ಮಾದರಿಯೂ ಸುಮಾರು ಒಂದೊಂದು ಸಾವಿರ ಮಾತ್ರ ತಯಾರಾದುವು. ಆದುದರಿಂದ ಅವುಗಳನ್ನು ಕಂಡರೆ ಸಂಗ್ರಾಹಕರು ಉಸಿರು ಬಿಗಿಹಿಡಿಯುತ್ತಾರೆ. ಆದರೆ ಅವು ಅಪರೂಪವಾದುದೇಕೆ? ಮರಳುಗಾಡಿನ ಯುದ್ಧಕ್ಕೆಂದು ಅವನ್ನು ಮಾಡಿಸಿದ ಅಮೆರಿಕದ ಸೈನ್ಯವು, ಜೀಪು ಕೈಗೆ ಬಂದ ಮೇಲೆ ಅವುಗಳ ಅಗತ್ಯವಿಲ್ಲವೆಂದು ಬಿಟ್ಟುಬಿಟ್ಟಿತು. ಅವು ರಣರಂಗವನ್ನು ನೋಡಲಿಲ್ಲ. ಹಾಗಾದರೆ ಅವುಗಳ ಅಪೂರ್ವತೆಯು ಸೇವೆಯಿಂದ ಬಂದುದಲ್ಲ, ಸೇವೆಯಿಲ್ಲದ್ದರಿಂದ ಬಂದುದು. ಅವುಗಳನ್ನು ಕಾಪಾಡಬಾರದೆಂದು ನಾನು ಹೇಳುತ್ತಿಲ್ಲ. ಎಂಜಿನಿಯರನ ಯೋಚನೆಯ ದಾಖಲೆಗಳಾಗಿ ಅವು ಅಮೂಲ್ಯವೇ. ಆದರೆ ಯುದ್ಧದ ಭಾರವನ್ನು ಹೊತ್ತುದು ಎಂ-20, ನಾರ್ಟನ್ 16ಎಚ್, ಮ್ಯಾಚ್‌ಲೆಸ್ ಜಿ3/ಎಲ್ ಮತ್ತು ಅಮೆರಿಕದಲ್ಲಿ ತಯಾರಾಗಿ ರಷ್ಯದ ಕೆಸರಿನವರೆಗೂ ಹೋದ ಹಾರ್ಲೆ ಡಬ್ಲ್ಯು.ಎಲ್.ಎ. ಗಾಡಿಗಳು. ಇವು ಹೇರಳವಾಗಿದ್ದುವೆಂಬ ಒಂದೇ ಕಾರಣದಿಂದ ಇವುಗಳ ಮೈಯನ್ನು ಯಾರು ಹೇಗೆ ಬೇಕಾದರೂ ಸುಲಿಯಬಹುದೆಂಬ ಉಡಾಫೆ ಬೆಳೆದಿದೆ. ಪರಿಣಾಮವೇನು? ಯುದ್ಧ ಮುಗಿದಾಗ ಇದ್ದ ಹಾಗೆಯೇ, ಅಂದಿನ ಬಣ್ಣವನ್ನೂ ಅಂದಿನ ಸಂಖ್ಯೆಯನ್ನೂ ಹೊತ್ತು, ಕೈ ಸೋಕದೆ ಉಳಿದ ಸಾಮಾನ್ಯ ಎಂ-20ಯೊಂದು ಈಗ ನಿಜವಾದ ಅಪರೂಪದ ವಸ್ತುವಾಗಿದೆ. ಕಾರ್ಖಾನೆಯು ಲಕ್ಷಗಟ್ಟಲೆ ಮಾಡಿದುದನ್ನು ವಿರಳಮಾಡುವುದರಲ್ಲಿ ಗುಜರಿಯ ಸುತ್ತಿಗೆಯೊಡನೆ ಪ್ರೇಮಿಗಳೇ ಕೈಜೋಡಿಸಿದ್ದಾರೆ.

ಹೊಳಪಿಗೆ ಮನ್ನಣೆ ಕೊಟ್ಟಲ್ಲಿ ಸುಳ್ಳಿಗೆ ದಾರಿ ಸುಗಮವಾಗುತ್ತದೆ. ಇದಕ್ಕೆ ಯೂರೋಪಿನ ಒಂದು ನಿದರ್ಶನವನ್ನು ವಿಸ್ತಾರವಾಗಿಯೇ ಹೇಳಬೇಕು. ಬಿ.ಎಂ.ಡಬ್ಲ್ಯು. ಕಂಪನಿಯು 1938ರಲ್ಲಿ ಆರ್-71 ಎಂಬ 750 ಸಿ.ಸಿ.ಯ ಯಂತ್ರವನ್ನು ಹೊರತಂದಿತು. ಅದರ ನಕಲಾಗಿ ಸೋವಿಯತ್ ರಷ್ಯದಲ್ಲಿ 1941ರಿಂದ ಎಂ-72 ತಯಾರಾಗತೊಡಗಿತು. ಜರ್ಮನ್ ಸೈನ್ಯವು ಮಾಸ್ಕೋವನ್ನು ಸಮೀಪಿಸಿದಾಗ ಆ ಕಾರ್ಖಾನೆಯನ್ನು ಉರಲ್ ಪರ್ವತದ ಆಚೆಯ ಇರ್ಬಿತ್ ಎಂಬ ಊರಿಗೆ ಸಾಗಿಸಬೇಕಾಯಿತು. ಆ ಎಂ-72ರ ಅಚ್ಚಿನಲ್ಲಿಯೇ ಚೀನದಲ್ಲಿ 1957ರಿಂದ ಚಾಂಗ್‌ಜಿಯಾಂಗ್ 750 ಬಂದಿತು. ಹೀಗೆ ಒಂದು ವಿನ್ಯಾಸವು ಮೂರು ದೇಶಗಳ ಮೂರು ಸೈನ್ಯಗಳನ್ನು ಕಂಡುದು ಯಂತ್ರಚರಿತ್ರೆಯಲ್ಲಿಯೇ ಒಂದು ಸೋಜಿಗದ ಅಧ್ಯಾಯ. ಜರ್ಮನ್ ಸೈನ್ಯದ ಸೈಡ್‌ಕಾರ್ ಗಾಡಿಗಳಿಗೆ, ವಿಶೇಷವಾಗಿ ಸೈಡ್‌ಕಾರಿನ ಚಕ್ರವನ್ನೂ ಎಂಜಿನ್ನೇ ತಿರುಗಿಸುವ ಆರ್-75ಕ್ಕೆ, ಬೆಲೆ ಗಗನಕ್ಕೇರಿದ ಮೇಲೆ, ರಷ್ಯದ ಮತ್ತು ಚೀನದ ಈ ಗಾಡಿಗಳನ್ನು ಸುಲಿದು, ಬೂದು ಬಣ್ಣ ಹಚ್ಚಿ, ಜರ್ಮನ್ ಸೈನ್ಯದ ಸಂಖ್ಯೆಗಳನ್ನು ಬರೆದು ನಿಲ್ಲಿಸುವ ರೂಢಿ ಹುಟ್ಟಿತು; ಅವುಗಳಲ್ಲಿ ಕೆಲವು ವೇಷಕ್ಕೆ, ಕೆಲವು ಸಿನಿಮಾಕ್ಕೆ, ಕೆಲವು ಮೋಸಕ್ಕೆ. ಇಲ್ಲಿ ಆದ ಅನ್ಯಾಯ ಇಮ್ಮಡಿಯಾದುದು. ಕೊಂಡವನಿಗೆ ಮೋಸವಾಯಿತೆಂಬುದು ಸಣ್ಣದು. ಇರ್ಬಿತ್ತಿನ ಚಳಿಯಲ್ಲಿ, ತಮ್ಮ ದೇಶವನ್ನು ಉಳಿಸಿಕೊಳ್ಳುವುದಕ್ಕೆಂದು ಜನರು ಕಟ್ಟಿದ ಯಂತ್ರಕ್ಕೆ, ಆ ದೇಶವನ್ನು ನಾಶಮಾಡಲು ಬಂದವರ ಗುರುತನ್ನೇ ಬರೆಯುವುದೆಂದರೆ, ಸತ್ತವನ ಹೆಸರನ್ನು ಅಳಿಸಿ ಕೊಂದವನ ಹೆಸರನ್ನು ಸಮಾಧಿಯ ಮೇಲೆ ಕೆತ್ತಿದಂತೆ. ಇದಕ್ಕಿಂತ ಹೀನವಾದ ಅಲಂಕಾರವನ್ನು ನಾನರಿಯೆ. ಹಳೆಯ ಮೈಯನ್ನು ಸುಲಭವಾಗಿ ಹುಸಿಮಾಡಲಾಗದು. ಎಂಬತ್ತು ವರ್ಷದ ಸವಕಳಿಯನ್ನು ಎಂಟು ದಿನದಲ್ಲಿ ಯಾರೂ ತಯಾರಿಸಲಾರರು. ಹೊಸ ಬಣ್ಣವನ್ನಾದರೋ ಯಾರಾದರೂ ಹಚ್ಚಬಹುದು. ಆದುದರಿಂದ ಹೊಸ ಬಣ್ಣವನ್ನೇ ಶ್ರೇಷ್ಠವೆಂದು ಮೆರೆಸುವ ಸಂಗ್ರಾಹಕರು ತಮಗರಿಯದೆಯೇ ಸುಳ್ಳುಗಾರರ ಕೈಗೆ ಬೀಗದ ಕೈಯನ್ನು ಕೊಟ್ಟಿದ್ದಾರೆ.

ನಾನು ಬೆಂಗಳೂರಿನಲ್ಲಿ ಕಂಡ ಟ್ಯಾಂಕಿನ ಮೇಲಿನ ಮರಳಿಲಿಯೂ ಇದೇ ಜಾತಿಯದು. ಎರಿಟ್ರಿಯದ ಕೆರೆನ್ನಿನ ಬೆಟ್ಟಗಳಲ್ಲಿಯೂ ಉತ್ತರ ಆಫ್ರಿಕದಲ್ಲಿಯೂ ನಮ್ಮವರೇ ಕಾದಾಡಿದ 4ನೆಯ ಇಂಡಿಯನ್ ಡಿವಿಜನ್ನಿಗೆ ಕೆಂಪು ಗರುಡನ ಲಾಂಛನವಿತ್ತು. ಅದು ಆ ಮಾಲೀಕರ ನೆನಪಿಗೆ ಕೂಡ ಬರಲಿಲ್ಲ. ಬಂದಿದ್ದರೂ ಅದನ್ನು ಬರೆಯುವುದು ತಪ್ಪೇ ಆಗುತ್ತಿತ್ತು, ಏಕೆಂದರೆ ಆ ಗಾಡಿ ಎಲ್ಲಿ ಯಾರ ಕೈಯಲ್ಲಿ ಓಡಿತೆಂಬುದಕ್ಕೆ ಇದ್ದ ಒಂದೇ ಆಧಾರವು ಆ ಅರ್ಧ ಅಳಿದ ಸಂಖ್ಯೆಯಾಗಿತ್ತು.

ಈ ಮತದವರು ಹೇಳುವ ಸಮಾಧಾನಗಳನ್ನು ನಾನು ಕೇಳಿದ್ದೇನೆ. ತುಕ್ಕು ತಿನ್ನುವ ಕಬ್ಬಿಣವನ್ನು ಹಾಗೆಯೇ ಬಿಟ್ಟರೆ ಹತ್ತು ವರ್ಷದಲ್ಲಿ ಏನೂ ಉಳಿಯದು, ಬಣ್ಣವೇ ಅದರ ರಕ್ಷೆ ಎಂಬುದು ಒಂದು. ತುಕ್ಕನ್ನು ತಡೆಯಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ತಡೆಯುವುದಕ್ಕೆ ಸುಲಿಯಲೇಬೇಕೆಂಬುದನ್ನು ಮಾತ್ರ ಒಪ್ಪೆ. ನಯವಾದ ಎಣ್ಣೆಯಿಂದ ಒರಸಿ, ಮೇಣವನ್ನು ಹಚ್ಚಿ, ತೇವವಿಲ್ಲದ ಕಡೆ ನಿಲ್ಲಿಸಿದರೆ ತುಕ್ಕು ನಿಂತಲ್ಲಿಯೇ ನಿಲ್ಲುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೋಡಿಕೊಳ್ಳುವ ತಾಳ್ಮೆ ಬೇಕಷ್ಟೆ. ಗಾಡಿ ಓಡಬೇಡವೇ ಎಂಬುದು ಇನ್ನೊಂದು. ಓಡಲಿ, ಓಡಬೇಕು. ಎಂಜಿನ್ನಿನ ಸದ್ದೂ ಅದರ ಸಾಕ್ಷ್ಯವೇ. ಟಯರು, ಟ್ಯೂಬು, ಬ್ರೇಕಿನ ಲೈನಿಂಗು, ಬೇರಿಂಗು, ವೈರು ಇವು ಸವೆಯುವುದಕ್ಕಾಗಿಯೇ ಇರುವ ಭಾಗಗಳು. ಸೈನ್ಯದ ವರ್ಕ್‌ಷಾಪಿನವರೇ ಇವನ್ನು ಬದಲಾಯಿಸುತ್ತಿದ್ದರು. ಜೀವವನ್ನು ಪಣವಾಗಿಟ್ಟು ಹಳೆಯ ಬ್ರೇಕನ್ನು ಉಳಿಸಿಕೊಳ್ಳಿ ಎಂದು ಬುದ್ಧಿಯುಳ್ಳವನಾರೂ ಹೇಳನು. ಆದರೆ ಬದಲಾಯಿಸಿದ ಹಳೆಯ ಭಾಗವನ್ನು ಗುಜರಿಗೆ ಹಾಕದೆ, ಚೀಟಿ ಕಟ್ಟಿ, ಪೆಟ್ಟಿಗೆಯಲ್ಲಿ ಇಡಬೇಕು. ಯಾವಾಗ ಏನನ್ನು ಬದಲಾಯಿಸಿದೆವೆಂದು ಒಂದು ಪುಸ್ತಕದಲ್ಲಿ ಬರೆಯಬೇಕು. ಇದಕ್ಕೆ ಖರ್ಚೇನೂ ಇಲ್ಲ.

ಮೂರನೆಯ ಮಾತು ಭಾವನೆಯದು, ಅದರಿಂದಲೇ ಕಠಿನವಾದುದು: ಯೋಧರ ಗಾಡಿಯನ್ನು ಮುರುಕಲಾಗಿ ನಿಲ್ಲಿಸುವುದು ಯೋಧರಿಗೆ ಅಗೌರವವಲ್ಲವೇ? ಸೈನ್ಯದಲ್ಲಿ ಮಗನನ್ನೋ ತಂದೆಯನ್ನೋ ಕಳೆದುಕೊಂಡವರ ಬಾಯಿಂದ ಈ ಮಾತನ್ನು ಕೇಳಿದಾಗ ನಾನು ಮೌನವಾಗಿರುತ್ತೇನೆ. ಆದರೆ ಇಲ್ಲಿ ವಿಚಾರಮಾಡಿ ಹೇಳಬೇಕಾದುದನ್ನು ಹೇಳುತ್ತೇನೆ. ಯೋಧನು ಓಡಿಸಿದ ಗಾಡಿ ಹೊಳೆಯುತ್ತಿರಲಿಲ್ಲ. ಅದು ಅವನೊಡನೆ ಕೆಸರಿನಲ್ಲಿ ಬಿದ್ದಿತು, ಅವನೊಡನೆ ಎದ್ದಿತು. ಟ್ಯಾಂಕಿನ ಎರಡು ಪಕ್ಕಗಳಲ್ಲಿ ಬಣ್ಣ ಸವೆದು ಲೋಹ ಕಾಣುತ್ತಿದ್ದರೆ ಅದು ಅವನ ಮಂಡಿಗಳ ಒತ್ತು, ಕಿಕ್ಕರಿನ ತುದಿ ಸವೆದಿದ್ದರೆ ಅದು ಅವನ ಬೂಟಿನ ಏಟು. ಆ ಮನುಷ್ಯನ ಹೆಸರು ನಮಗೆ ತಿಳಿಯದು, ಮುಖ ತಿಳಿಯದು. ಭೂಮಿಯ ಮೇಲೆ ಅವನ ಶರೀರ ಮುಟ್ಟಿದ ಗುರುತಾಗಿ ಉಳಿದಿರುವುದು ಬಹುಶಃ ಆ ಸವಕಳಿಯೊಂದೇ. ಅದನ್ನು ತಟ್ಟಿ ಸಮಮಾಡಿ ಬಣ್ಣ ಬಳಿಯುವುದು ಗೌರವವೆಂದು ನನ್ನ ಮನಸ್ಸು ಎಂದಿಗೂ ಒಪ್ಪದು.

ನನ್ನ ಹಣ, ನನ್ನ ಗಾಡಿ, ನನ್ನ ಇಷ್ಟ ಎಂಬ ಕೊನೆಯ ವಾದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ತಾಳೆಗರಿಯ ಗ್ರಂಥವೂ ಒಬ್ಬರ ಅಟ್ಟದ ಮೇಲೆಯೇ ಇರುತ್ತದೆ. ಅದನ್ನು ಬಚ್ಚಲ ಒಲೆಗೆ ಹಾಕುವ ಹಕ್ಕು ಕಾಗದದಲ್ಲಿದ್ದರೂ ಧರ್ಮದಲ್ಲಿಲ್ಲ.

ನಾನು ಹೇಳುತ್ತಿರುವುದು ಒಬ್ಬನ ಹುಚ್ಚುಮಾತಲ್ಲವೆಂದು ತೋರಿಸಲು ಎರಡು ಪ್ರಮಾಣಗಳನ್ನು ಕೊಡಬಹುದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ಸಂಸ್ಥೆಯು 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದಿನಲ್ಲಿ, ಚಾರಿತ್ರಿಕ ವಾಹನಗಳನ್ನು ಕಟ್ಟಡಗಳಂತೆ, ಸ್ಮಾರಕಗಳಂತೆ ಪರಂಪರೆಯ ವಸ್ತುಗಳೆಂದೇ ಎಣಿಸಿ, ಇದ್ದುದನ್ನು ಇದ್ದಂತೆ ಸಂರಕ್ಷಿಸುವುದಕ್ಕೆ ಮೊದಲ ಸ್ಥಾನವನ್ನು ಕೊಟ್ಟಿದೆ. ನಮ್ಮ ದೇಶದಲ್ಲಿಯೇ 2021ರಲ್ಲಿ ಹೊರಟ ಕೇಂದ್ರ ಸರ್ಕಾರದ ಮೋಟಾರು ವಾಹನ ನಿಯಮಗಳು, ಐವತ್ತು ವರ್ಷ ಮೀರಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಲು ಅದು ಮೂಲರೂಪದಲ್ಲಿ ಉಳಿದಿರಬೇಕೆಂದೂ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯವಾದ ಮಾರ್ಪಾಟು ಆಗಿರಬಾರದೆಂದೂ ಹೇಳುತ್ತವೆ. 'ಮೂಲರೂಪ' ಎಂಬುದಕ್ಕೆ ಹೊಸರೂಪ ಎಂದು ಅರ್ಥಮಾಡುವವರು ನಿಘಂಟನ್ನು ಮತ್ತೊಮ್ಮೆ ತೆರೆದು ನೋಡಬೇಕು.

ಇಲ್ಲಿ ಇನ್ನೊಂದು ಪ್ರಶ್ನೆಯಿದೆ. ಅದು ನಮ್ಮ ದೇಶದ ಗಾಡಿಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಿನಲ್ಲಿ ಹೊರಬಿದ್ದ ಯಂತ್ರಗಳು ಇಲ್ಲಿ ಮೂವತ್ತು ನಲವತ್ತು ವರ್ಷ ಜನರ ನಡುವೆ ಬಾಳಿದುವು. ಹಾಲಿನ ಕ್ಯಾನು ಹೊತ್ತುವು, ಮೇಷ್ಟರನ್ನು ಶಾಲೆಗೆ ಕರೆದೊಯ್ದುವು, ಮದುವೆಯ ದಿಬ್ಬಣದ ಮುಂದೆ ಓಡಿದುವು. ನಾನು ಕಂಡ ಟ್ಯಾಂಕಿನ ಮೇಲಿನ ಕೆಂಪೂ ಕಪ್ಪೂ ಹಳದಿ ಗೆರೆಯೂ ಆ ಬಾಳಿನ ಗುರುತುಗಳು. ಸೈನಿಕ ಗಾಡಿಯೆಂದು ಹೆಸರು ಬಂದೊಡನೆ ಈ ಬಣ್ಣಗಳು ಕಸವೆನಿಸಿಕೊಳ್ಳುತ್ತವೆ. ಕೆಲವೇ ವರ್ಷದ ಯುದ್ಧಕ್ಕೆ ಬೆಲೆ, ನಲವತ್ತು ವರ್ಷದ ಶಾಂತಿಗೆ ಬೆಲೆಯಿಲ್ಲ. ನನ್ನ ಅಭಿಪ್ರಾಯದಲ್ಲಿ, ಕೊಲ್ಲುವವರ ನಡುವೆ ಹುಟ್ಟಿದ ಯಂತ್ರವೊಂದು ಹಾಲು ಮಾರುವವನ ಮನೆಯಲ್ಲಿ ಮುದುಕಾಯಿತೆಂಬುದು ಅದರ ಕಥೆಯ ಅತ್ಯಂತ ಸುಂದರವಾದ ಭಾಗ. ಅದನ್ನು ಬಲ್ಲ ಕೈ, ಅಂಗೈಯಗಲದ ಜಾಗದಲ್ಲಿ ಮಾತ್ರ ಪದರಗಳನ್ನು ಬಿಡಿಸಿ ತೋರಿಸಿ, ಉಳಿದುದನ್ನು ಮುಟ್ಟದೆ ಬಿಡುತ್ತದೆ. ನೋಡುವವನು ಆ ಒಂದು ಕಿಟಕಿಯಲ್ಲಿ ಕಪ್ಪು, ಕೆಂಪು, ಬೂದಿ, ಕಂದು ಎಲ್ಲವನ್ನೂ ಒಟ್ಟಿಗೆ ಕಾಣಬಹುದು.

ನಮ್ಮದೇ ಸೈನ್ಯದ ಗಾಡಿಗಳಿಗೂ ಈಗ ಇದೇ ಗತಿ ಬರುತ್ತಿದೆ. ಸೈನ್ಯಕ್ಕೆ ಬುಲೆಟ್ ಬೇಕಾದುದರಿಂದಲೇ 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯ ಹುಟ್ಟಿತು. ಬೆಂಗಳೂರಿನ ಆರ್ಮಿ ಸರ್ವಿಸ್ ಕೋರ್ (ಎ.ಎಸ್.ಸಿ.) ಕೇಂದ್ರದ ಟಾರ್ನೆಡೋಸ್ ತಂಡದವರು ಮೋಟಾರು ಸೈಕಲ್ಲುಗಳ ಮೇಲೆ ಮನುಷ್ಯರ ಗೋಪುರ ಕಟ್ಟಿ ಸಾಗುವುದನ್ನು ನಮ್ಮೂರಿನ ಎಷ್ಟೋ ಮಕ್ಕಳು ಬಾಯಿ ತೆರೆದು ನೋಡಿದ್ದಾರೆ. ಹರಾಜಿನಲ್ಲಿ ಬಂದ ಮಿಲಿಟರಿ ಬುಲೆಟ್ಟನ್ನು ಕೊಂಡವರು ಮಾಡುವ ಮೊದಲ ಕೆಲಸವೆಂದರೆ ಅದರ ಸಂಖ್ಯೆಯನ್ನು ಕೆರೆದು, ಎರಡನೆಯ ಮಹಾಯುದ್ಧದ ಬ್ರಿಟಿಷ್ ಗಾಡಿಯ ವೇಷ ಹಾಕಿಸುವುದು. ಸ್ವತಂತ್ರ ಭಾರತದ ಸೈನಿಕನು ಓಡಿಸಿದುದನ್ನು ಪರರ ಯುದ್ಧದ ವೇಷದಲ್ಲಿ ಅಡಗಿಸುವ ಈ ಕೆಲಸವನ್ನು ಕಂಡು ಸುಮ್ಮನಿರುವುದು ನನ್ನಿಂದಾಗದು.

ಓದುಗರಲ್ಲಿ ಯಾರದಾದರೂ ಊರಿನ ಮನೆಯ ಕೊಟ್ಟಿಗೆಯಲ್ಲಿ, ಹುಲ್ಲಿನ ಮೆದೆಯ ಹಿಂದೆ, ತಾತನ ಕಾಲದ ಅಂಥ ಗಾಡಿಯೊಂದು ಇದ್ದರೆ ಅವರಲ್ಲಿ ನನ್ನದೊಂದು ಬಿನ್ನಹ. ಮೊದಲು ಬೆಳಕಿಗೆ ತಂದು, ಮೆತ್ತನೆಯ ಬಟ್ಟೆಯಿಂದ ಧೂಳನ್ನು ಮಾತ್ರ ಒರಸಿ, ಎಲ್ಲ ಪಕ್ಕಗಳಿಂದಲೂ ಫೋಟೋ ತೆಗೆದಿಡಿ. ಎಂಜಿನ್ನಿನ ಮೇಲೆ ಕೊರೆದ ಸಂಖ್ಯೆಯನ್ನೂ ಫ್ರೇಮಿನ ಸಂಖ್ಯೆಯನ್ನೂ ಬರೆದುಕೊಳ್ಳಿ, ಅದು ಡಬ್ಲ್ಯು.ಎಂ.20 ಎಂದು ಮೊದಲಾಗಿದ್ದರೆ ನಿಮ್ಮದು ಯುದ್ಧ ಇಲಾಖೆಯ ಎಂ-20. ಬಿ.ಎಸ್.ಎ. ಕಂಪನಿಯ ರವಾನೆಯ ದಾಖಲೆಗಳು ಇಂಗ್ಲೆಂಡಿನ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ಬಿನ ಗ್ರಂಥಭಂಡಾರದಲ್ಲಿ ಉಳಿದಿವೆ, ಕೇಳಿ ನೋಡಬಹುದು. ಮನೆಯಲ್ಲಿ ಅಜ್ಜಿಯಿದ್ದರೆ, ಆ ಗಾಡಿಯನ್ನು ಯಾರಿಂದ ಎಷ್ಟಕ್ಕೆ ತಂದರು, ಯಾವ ಬಣ್ಣವನ್ನು ಯಾವ ಹಬ್ಬಕ್ಕೆ ಹಚ್ಚಿಸಿದರು ಎಂದು ಇಂದೇ ಕೇಳಿ ಬರೆದಿಡಿ. ಆಮೇಲೆ ಎಣ್ಣೆ ಹಾಕಿ, ಓಡುವಂತೆ ಮಾಡಿ. ಮರಳು ಹೊಡೆಯುವ ಅಂಗಡಿಗೆ ಮಾತ್ರ ಅದನ್ನು ಕೊಂಡೊಯ್ಯಬೇಡಿ.